ಬಾಳೆಹಣ್ಣು ಬಿದ್ದ ಭಟೂರೆ

ನನ್ನ ಗಂಡ ಬದಲಾಗಿದ್ದಾರೆ, ದೇವರಂಥವರಾಗಿದ್ದಾರೆ ಎಂದು ಮೂರು ವರ್ಷ ಊರಿಡೀ ಹೇಳಿಕೊಂಡು ತಿರುಗಿದವಳು ನಾನು. ಈಗ ಅದನ್ನು ನೆನೆದರೆ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಅಂಗನವಾಡಿಯಲ್ಲಿ ಮಕ್ಕಳ ಮುಖ ನೋಡಿಯೇ ಯಾರಿಗೆ ಹಸಿವು, ಯಾರಿಗೆ ಹೊಟ್ಟೆನೋವು ಎಂದು ಹೇಳುತ್ತಿದ್ದೆ. ಎದುರಿಗೆ ಕೂತು ಉಣ್ಣುವ ಗಂಡನ ಮುಖ ಮಾತ್ರ ಓದಲು ಬರಲಿಲ್ಲ.

ಅವರು ಮೂವತ್ತೆರಡು ವರ್ಷ ಬೊಂಬಾಯಿಯ ಹೋಟೆಲೊಂದರಲ್ಲಿ ಅಡುಗೆ ಮಾಡಿದವರು. ಬೋರ್ಡಿನಲ್ಲಿ ಉಡುಪಿ ಎಂದಿತ್ತು, ಇಡ್ಲಿ ದೋಸೆಯೂ ಇತ್ತು. ಆದರೆ ಜನ ಸಾಲು ನಿಲ್ಲುತ್ತಿದ್ದದ್ದು ಇವರ ಛೋಲೆ ಭಟೂರೆಗಂತೆ. ಪಂಜಾಬಿನ ತಿಂಡಿಯನ್ನು ಕುಂದಾಪುರದ ಆಚೆಯ ನಮ್ಮ ನಾವುಂದದ ಗಂಡಸು ಮಾಡಿ ಪಂಜಾಬಿನವರಿಗೇ ಬಡಿಸುವುದು, ಅವರು ಬೆರಳು ಚೀಪಿಕೊಂಡು ಇನ್ನೊಂದು ಪ್ಲೇಟು ಕೇಳುವುದು. ಇವೆಲ್ಲ ನಾನು ಕೇಳಿದ ಮಾತು, ಕಂಡದ್ದಲ್ಲ. ನಾನು ಬೊಂಬಾಯಿ ನೋಡಿದವಳಲ್ಲ. ಅಂಗನವಾಡಿ, ಅತ್ತೆ, ಮಗಳು, ಎರಡು ದನ ಎಂದು ಒಂದಲ್ಲ ಒಂದು ಕಾರಣ ನನ್ನ ಕಾಲಿಗೆ ತೊಡರಿಕೊಂಡೇ ಇತ್ತು.

ಅವರು ವರ್ಷಕ್ಕೊಂದು ತಿಂಗಳು ಮನೆಗೆ ಬರುತ್ತಿದ್ದರು. ಆ ತಿಂಗಳು ನನಗೆ ಪರೀಕ್ಷೆ. ತಟ್ಟೆಯ ಮುಂದೆ ಕೂತರೆ ಮೊದಲು ಮೂಸುತ್ತಿದ್ದರು. ಕೊತ್ತಂಬರಿ ಒಂದು ಗಳಿಗೆ ಹೆಚ್ಚು ಹುರಿದಿದ್ದರೆ, ಕಾಯಿ ಹಳತಾಗಿದ್ದರೆ, ಬಂಗುಡೆ ಬೆಳಗಿನದ್ದಲ್ಲದೆ ನಿನ್ನೆಯದ್ದಾಗಿದ್ದರೆ, ಬಾಯಿಗಿಡುವ ಮೊದಲೇ ಅವರಿಗೆ ತಿಳಿಯುತ್ತಿತ್ತು. ಬೈಯುತ್ತಿರಲಿಲ್ಲ. ಎಡಗೈಯ ಹಿಂಬದಿಯಿಂದ ತಟ್ಟೆಯನ್ನು ನಾಲ್ಕು ಬೆರಳಿನಷ್ಟು ದೂರ ದೂಡುತ್ತಿದ್ದರು, ಅಷ್ಟೆ. ಆ ನಾಲ್ಕು ಬೆರಳಿನ ಅವಮಾನಕ್ಕೆ ನಾನು ಒಲೆಯ ಮುಂದೆ ಕೂತು ಅತ್ತದ್ದಿದೆ. ‘ಹನ್ನೊಂದು ತಿಂಗಳು ಬಿಟ್ಟು ಬಂದು ಒಂದು ತಿಂಗಳು ಮೂಗು ಹಿಡಿದುಕೊಂಡು ಕೂರುವುದಾದರೆ ಬರುವುದೇ ಬೇಡ’ ಎಂದು ಗೋಡೆಗೆ ಹೇಳಿದ್ದೂ ಇದೆ.

ಆಮೇಲೆ ಊರೂರೇ ಬಾಗಿಲು ಹಾಕಿಕೊಂಡ ಆ ಜ್ವರದ ಕಾಲ ಬಂತು. ಇವರ ಹೋಟೆಲೂ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಇವರಿಗೂ ಜ್ವರ ಬಂದು, ರೂಮಿನಲ್ಲಿ ಒಬ್ಬರೇ ಮಲಗಿ, ವಾಸಿಯಾಗಿ, ಬಸ್ಸೊಂದರಲ್ಲಿ ಊರಿಗೆ ಬಂದರು. ಬೊಂಬಾಯಿಯಿಂದ ಬಂದವರನ್ನೆಲ್ಲ ಆಗ ಶಾಲೆಯ ಕೋಣೆಗಳಲ್ಲಿ ಇರಿಸುತ್ತಿದ್ದರು. ನಾನು ದಿನವೂ ಗೇಟಿನವರೆಗೆ ಹೋಗಿ ಊಟದ ಡಬ್ಬಿ ಕೊಟ್ಟು ಬರುತ್ತಿದ್ದೆ. ಮರುದಿನ ಡಬ್ಬಿ ನೆಕ್ಕಿದಂತೆ ಖಾಲಿಯಾಗಿ ಬರುತ್ತಿತ್ತು. ಮೊದಲ ದಿನ ಹಸಿವಿಗೆ ಎಂದುಕೊಂಡೆ. ಹದಿನಾಲ್ಕು ದಿನವೂ ಹಾಗೇ ಬಂದಾಗ ನನ್ನ ಎದೆಯೊಳಗೆ ಏನೋ ಬೆಚ್ಚಗಾಯಿತು.

ಮನೆಗೆ ಬಂದ ಮೇಲೂ ಅದೇ. ಹಾಕಿದ್ದನ್ನು ಉಂಡರು. ಒಮ್ಮೆ ಅನ್ನ ತಳ ಹಿಡಿದು ಸೀದು ಮನೆಯೆಲ್ಲ ಕಮಟಾಗಿತ್ತು, ಅದನ್ನೂ ಮಾತಿಲ್ಲದೆ ಉಂಡರು. ಇನ್ನೊಮ್ಮೆ ಹಿಂದಿನ ದಿನದ ಮೀನುಸಾರು ಹಳಸಿಹೋಗಿತ್ತು. ಚೆಲ್ಲಲೆಂದು ಇಟ್ಟಿದ್ದನ್ನು ನಾನು ಬಾವಿಕಟ್ಟೆಗೆ ಹೋಗಿ ಬರುವಷ್ಟರಲ್ಲಿ ತಾವೇ ಬಡಿಸಿಕೊಂಡು ಮುಗಿಸಿದ್ದರು. “ಅಯ್ಯೋ, ಹಾಳಾಯ್ತ್ ಅಲ್ದಾ ಅದ್!” ಎಂದೆ. “ಅಡ್ಡಿಲ್ಲೆ, ಲಾಯ್ಕೇ ಇತ್ತ್” ಎಂದರು. ನಾನು ಕರಗಿಹೋದೆ. ನನ್ನ ಮನಸ್ಸು ನೋಯಬಾರದೆಂದು ಹಳಸಿದ್ದನ್ನೂ ಉಣ್ಣುವ ಗಂಡ! ನಾದಿನಿಗೆ ಹೇಳಿದೆ, ಪಕ್ಕದ ಮನೆಯವಳಿಗೆ ಹೇಳಿದೆ, ಬ್ರಹ್ಮಾವರಕ್ಕೆ ಕೊಟ್ಟ ಮಗಳಿಗೆ ಫೋನು ಮಾಡಿ ಹೇಳಿದೆ. “ಬೊಂಬಾಯಿ ಸೊಕ್ಕ್ ಇಳ್ದಿತ್ತ್ ಬಿಡ್” ಎಂದಳು ನಾದಿನಿ. ಸೊಕ್ಕಲ್ಲ, ಪ್ರೀತಿ ಎಂದು ನಾನು ವಾದಿಸಿದೆ. ತಡವಾಗಿಯಾದರೂ ಬಂತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ನಾನು ಅಂಗನವಾಡಿಯಿಂದ ನಿವೃತ್ತಳಾದ ವರ್ಷ ಅವರು ನಾವುಂದದಲ್ಲಿ ಹೆದ್ದಾರಿ ಬದಿಗೆ ಒಂದು ಕೋಣೆ ಹಿಡಿದರು. ಮೂರು ಬೆಂಚು, ಎರಡು ಒಲೆ, ಒಂದು ದೊಡ್ಡ ಬಾಣಲೆ. ತಗಡಿಗೆ ಬಿಳಿ ಬಣ್ಣ ಬಳಿದು, ‘ಇಲ್ಲಿ ಛೋಲೆ ಭಟೂರೆ ಸಿಗುತ್ತದೆ’ ಎಂದು ಕೆಂಪಿನಲ್ಲಿ ತಾವೇ ಬರೆದರು. ಅಕ್ಷರ ಸೊಟ್ಟಗಾಗಿದೆ, ನಾನು ತಿದ್ದುತ್ತೇನೆ ಎಂದರೆ ಬಿಡಲಿಲ್ಲ. ಬೊಂಬಾಯಿಯಿಂದ ಬರುವಾಗ ಹೊತ್ತು ತಂದಿದ್ದ ಮಸಾಲೆಯ ಡಬ್ಬವೊಂದಿತ್ತು. ಅದನ್ನು ಮುಟ್ಟಲೂ ಬಿಡಲಿಲ್ಲ.

ಅವರ ಕೆಲಸವನ್ನು ನಾನು ಮೊದಲ ಸಲ ಹತ್ತಿರದಿಂದ ಕಂಡದ್ದು ಅಲ್ಲಿ. ನೆನೆಸಿದ ಬಿಳಿ ಕಡಲೆಯ ಜತೆ ಚಾಹುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ ಬೇಯಿಸುತ್ತಿದ್ದರು. ಕಡಲೆ ಕಪ್ಪಗೆ, ಹಳೆಯ ತಾಮ್ರದ ಬಣ್ಣಕ್ಕೆ ಬರುತ್ತಿತ್ತು. ಮಸಾಲೆ ಅಳೆಯುವುದು ಚಮಚದಲ್ಲಲ್ಲ, ಅಂಗೈಯ ಗೆರೆಗಳಲ್ಲಿ. ಬೆಂದದ್ದನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದರು, ಕುದಿಯುವ ಸದ್ದು ಕೇಳುತ್ತಿದ್ದರು. ರುಚಿ ನೋಡುವುದನ್ನು ಮಾತ್ರ ನಾನು ಕಂಡಿರಲಿಲ್ಲ. ಕೈ ಪಳಗಿದವರು ರುಚಿ ನೋಡುವುದಿಲ್ಲವೇನೋ ಎಂದುಕೊಂಡೆ.

ನಮ್ಮ ಜನಕ್ಕೆ ಅದು ಹಿಡಿಸಲಿಲ್ಲ ಎಂದರೂ ಸರಿ, ಅರ್ಥವಾಗಲಿಲ್ಲ ಎಂದರೂ ಸರಿ. ನಮ್ಮಲ್ಲಿ ಹಿಟ್ಟು ಎಣ್ಣೆಯಲ್ಲಿ ಉಬ್ಬಿತೆಂದರೆ ಅದು ಬನ್ಸು. ಕಳಿತ ಬಾಳೆಹಣ್ಣು ಹಿಚುಕಿ ಮೈದಾದಲ್ಲಿ ಕಲಸಿ ಕರಿದ, ಸಿಹಿಯಾದ ಬನ್ಸು. ಅಂಗೈ ಎರಡು ಸೇರಿದರೂ ಹಿಡಿಯದಷ್ಟು ದೊಡ್ಡ ಭಟೂರೆಯನ್ನು ತಟ್ಟೆಯಲ್ಲಿಟ್ಟಾಗ ಒಬ್ಬರು, “ಹ್ವಾಯ್, ಇದೆಂತ, ಬನ್ಸಿಗೆ ಬಾವ್ ಬಂದಿತ್ತಾ?” ಎಂದರು. ಇನ್ನೊಬ್ಬರು ತಿಂದು, “ಸೀಯೇ ಇಲ್ಲೆ ಕಾಣಿ” ಎಂದರು. ಅದಕ್ಕೆ ಸಪ್ಪೆ ಬನ್ಸು ಎಂದೇ ಹೆಸರು ಬಿತ್ತು. ಆದರೆ ರಸ್ತೆ ಕೆಲಸಕ್ಕೆ ಬಂದ ಉತ್ತರದ ಕಡೆಯವರು, ಗಂಗೊಳ್ಳಿಯ ಬೋಟಿನಲ್ಲಿ ದುಡಿಯುವ ದೂರದ ಊರಿನವರು ರಜೆಯ ದಿನ ಹುಡುಕಿಕೊಂಡು ಬರುತ್ತಿದ್ದರು. ತಿನ್ನುವಾಗ ಮಾತಾಡುತ್ತಿರಲಿಲ್ಲ. ಹೋಗುವಾಗ ಇವರ ಕೈ ಹಿಡಿದು ಹಿಂದಿಯಲ್ಲಿ ಏನೋ ಹೇಳುತ್ತಿದ್ದರು. ಆಗ ಇವರ ಕತ್ತು ಸ್ವಲ್ಪ ನೆಟ್ಟಗಾಗುತ್ತಿತ್ತು.

ಆ ದಿನ ಬೆಳಿಗ್ಗೆ ಅವರು ಗ್ಯಾಸಿನ ಸಿಲಿಂಡರಿಗೆಂದು ಬೈಂದೂರಿಗೆ ಹೊರಟರು. ಹೊರಡುವ ಮುಂಚೆ ದೊಡ್ಡ ಬೋಗುಣಿಯಲ್ಲಿ ಮೈದಾ, ರವೆ, ಮೊಸರು, ಸಕ್ಕರೆ, ಸೋಡಾ ಎಲ್ಲ ಅಳೆದು ಹಾಕಿದ್ದರು. “ಕಲ್ಸಿ ಒದ್ದಿ ಬಟ್ಟಿ ಮುಚ್ಚಿ ಇಡ್. ಮತ್ತೆಂತ ಮಾಡುಕೆ ಹೋಯ್ಬೇಡ” ಎಂದು ಹೇಳಿ ಹೋದರು. ಪಕ್ಕದ ಗೂಟದಲ್ಲಿ ನಮ್ಮ ಹಿತ್ತಲಿನ ಬಾಳೆಗೊನೆ ನೇತಾಡುತ್ತಿತ್ತು. ಹಣ್ಣು ಕಪ್ಪು ಚುಕ್ಕೆ ಬಿದ್ದು, ಸಿಪ್ಪೆ ತೆಳ್ಳಗಾಗಿ, ಇವತ್ತು ಬಿಟ್ಟರೆ ನಾಳೆಗಿಲ್ಲ ಎಂಬಂತಿತ್ತು. ಮೈದಾ, ಮೊಸರು, ಸಕ್ಕರೆ, ಸೋಡಾ ಒಂದೇ ಬೋಗುಣಿಯಲ್ಲಿ ಕಂಡರೆ ನಮ್ಮ ಕಡೆಯ ಹೆಂಗಸಿನ ಕೈ ಏನು ಮಾಡುತ್ತದೆ? ನನ್ನ ಕೈಯೂ ಅದನ್ನೇ ಮಾಡಿತು. ತಲೆಯೊಳಗೆ ಮಗಳ ಸೀಮಂತದ ಲೆಕ್ಕಾಚಾರ ಓಡುತ್ತಿತ್ತು, ಕೈ ತನ್ನಷ್ಟಕ್ಕೆ ಹಣ್ಣು ಸುಲಿದು ಹಿಚುಕಿ ಹಿಟ್ಟಿಗೆ ಹಾಕಿ ಕಲಸಿತು. ಬೆರಳು ನೆಕ್ಕಿದಾಗಲೇ ಎಚ್ಚರವಾದದ್ದು. ಹತ್ತು ಹನ್ನೆರಡು ಹಣ್ಣು ಒಳಗೆ ಹೋಗಿಯಾಗಿತ್ತು.

ಬೇರೆ ಮೈದಾ ಅಂಗಡಿಯಲ್ಲಿ ಇರಲಿಲ್ಲ. ಬಂದ ಕೂಡಲೇ ಹೇಳಿಬಿಡಬೇಕೆಂದು ಕಾದೆ. ಅವರು ಸಿಲಿಂಡರು ಇಳಿಸಿ ಬರುವಷ್ಟರಲ್ಲಿ ಗಿರಾಕಿಗಳೂ ಬಂದು ಕೂತಿದ್ದರು, ಅವರೆದುರು ಹೇಳಲು ನಾಚಿಕೆಯಾಯಿತು. ಹೇಗೂ ಬಾಣಲೆಗೆ ಬಿದ್ದ ಕೂಡಲೇ ಗೊತ್ತಾಗುತ್ತದೆ, ಬೈಸಿಕೊಂಡರಾಯಿತು ಎಂದುಕೊಂಡೆ. ಮೊದಲನೆಯದು ಎಣ್ಣೆಗೆ ಬಿತ್ತು. ಬಾಳೆಹಣ್ಣಿನ ಪರಿಮಳ ಅಂಗಡಿ ತುಂಬಿ ರಸ್ತೆಗೂ ಹೋಯಿತು. ಅವರು ಬಾಣಲೆಯ ಮೇಲೆಯೇ ಬಗ್ಗಿ ನಿಂತಿದ್ದರು. ಭಟೂರೆ ಬೇಗ ಕೆಂಪಾದದ್ದನ್ನು ಕಂಡು, “ಎಣ್ಣಿ ಜಾಸ್ತಿ ಕಾಯ್ದಿತ್ತ್” ಎಂದು ಉರಿ ತಗ್ಗಿಸಿದರು. ನಾನು ತಡೆಯಲಾರದೆ, “ಒಂಚೂರ್ ತಿಂದ್ ಕಾಣಿ” ಎಂದೆ. ಅಂಚು ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನಕ್ಕೆ ಅಗಿದರು. “ಸಮ ಇತ್ತ್. ಕೊಡ್” ಎಂದರು.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಮುಖ ನೋಡಿದೆ. ತಮಾಷೆ ಇರಲಿಲ್ಲ.

ಬೆಂಚಿನಲ್ಲಿದ್ದವರು ಒಂದು ತುತ್ತಿಗೇ ನಗಲು ಶುರುಮಾಡಿದರು. “ಹ್ವಾಯ್, ಕಡೀಗೂ ನಮ್ಮ್ ಬನ್ಸಿಗೇ ಬಂದ್ರಲ್ದಾ! ಬೊಂಬಾಯಿ ಭಟ್ರ್ ಸೋತ್ರ್!” ಎಂದು ಒಬ್ಬರು ಮೇಜು ತಟ್ಟಿದರು. ಹೋಟೆಲಿನಲ್ಲಿ ಅಡುಗೆ ಮಾಡುವವರೆಲ್ಲ ನಮ್ಮಲ್ಲಿ ಭಟ್ರೇ. ಇವರಿಗೆ ಯಾಕೆ ನಗುತ್ತಿದ್ದಾರೆಂದು ಗೊತ್ತಾಗಲಿಲ್ಲ. ಎಲ್ಲರ ಮುಖ ಒಂದು ಸುತ್ತು ನೋಡಿದರು, ಆಮೇಲೆ ಅವರ ಜತೆ ತಾವೂ ನಕ್ಕರು. ಜರಡಿ ಸೌಟು ಹಿಡಿದುಕೊಂಡು, ಕಾರಣ ಗೊತ್ತಿಲ್ಲದೆ, ಹಲ್ಲು ಕಾಣುವ ಹಾಗೆ ನಕ್ಕರು. ಆ ನಗುವನ್ನು ನಾನು ಸಾಯುವವರೆಗೂ ಮರೆಯಲಾರೆ.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಮನೆಗೆ ತೆಗೆದುಕೊಂಡಿಟ್ಟಿದ್ದ ಒಣ ಸಿಗಡಿಯನ್ನು ಮುಷ್ಟಿಯಲ್ಲಿ ಮುಚ್ಚಿ ಅವರ ಮೂಗಿನ ಹತ್ತಿರ ಹಿಡಿದೆ. ಒಣ ಸಿಗಡಿ ಮೂರು ಮನೆ ಆಚೆಗೂ ತನ್ನ ಹೆಸರು ಹೇಳುವ ವಸ್ತು.

“ಇದೆಂತ ಹೇಳಿ ಕಾಂಬ” ಎಂದೆ.

ಅವರು ನನ್ನ ಮುಷ್ಟಿ ನೋಡಿದರು, ನನ್ನನ್ನು ನೋಡಿದರು. ಶಾಲೆಯಲ್ಲಿ ಉತ್ತರ ಗೊತ್ತಿಲ್ಲದ ಮಗು ಮೇಷ್ಟರ ಮುಖ ನೋಡಿ ಅಂದಾಜು ಮಾಡುವ ಹಾಗೆ, “ಜೀರ್ಗಿಯಾ?” ಎಂದರು.

ನಾನು ಕೈ ಬಿಚ್ಚಿದೆ. ಅವರು ಬೆಂಚಿನ ಮೇಲೆ ಕೂತರು.

“ಎಷ್ಟ್ ದಿನ್ದಿಂದ?”

“ಆ ಜ್ವರ ಬಂದಾಗಿಂದ. ಪರಿಮಳ ಅಂದ್ರೆ ಎಂತದೂ ಇಲ್ಲೆ. ಉಪ್ಪ್ ಚೂರ್ ಗೊತ್ತಾತ್ತ್. ಮೆಣ್ಸ್ ಉರಿತ್ತ್. ಅಷ್ಟೇ.”

“ಮತ್ತೆ ಈ ಅಂಗ್ಡಿ ಎಂತಕ್ಕೆ ಹಾಕದ್ ನೀವ್?”

“ಬೇರೆ ಎಂತ ಬತ್ತ್ ಮಾರಾಯ್ತಿ ನಂಗೆ?” ಎಂದರು. “ಕೈಗೆ ಗೊತ್ತಿತ್ತಲೆ. ಇವತ್ತಲ್ದಿದ್ರೆ ನಾಳೆ ಬತ್ತ್ ಅಂದ್ಕಂಡೆ.”

ನಾನು ಒಳ್ಳೆಯ ಹೆಂಗಸಾಗಿದ್ದರೆ ಆಗ ಅವರಿಗಾಗಿ ಅಳಬೇಕಿತ್ತು. ನನಗೆ ಮೊದಲು ನೆನಪಾದದ್ದು ನನ್ನ ಮೀನುಸಾರು. ಮೂರು ವರ್ಷದ ಮೀನುಸಾರು, ಮೂರು ವರ್ಷದ ಹಳಸಿದ್ದು, ಸೀದದ್ದು, ಅವರು ಲಾಯ್ಕ್ ಇತ್ತ್ ಅಂದದ್ದು. ನಾನು ಪ್ರೀತಿ ಎಂದು ಊರಿಗೆಲ್ಲ ಹಂಚಿದ್ದು ಬರೀ ಒಂದು ಸತ್ತ ಮೂಗು. ಸಿಟ್ಟು ಬಂತು, ಅವರ ಮೇಲಲ್ಲ, ಯಾರ ಮೇಲೆ ಎಂದು ಹೇಳಲಾಗದ ಸಿಟ್ಟು. ಒಣ ಸಿಗಡಿಯನ್ನು ಅಂಗಡಿಯ ಹಿಂದಿನ ಚರಂಡಿಗೆ ಎಸೆದು ಬಂದೆ.

ಬ್ರಹ್ಮಾವರದಿಂದ ಮಗಳು ಬಂದು ನಮ್ಮನ್ನು ಕುಂದಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಬಂದರೆ ಬರಬಹುದು, ಇಷ್ಟು ಸಮಯ ಆದ ಮೇಲೆ ಆಸೆ ಕಡಿಮೆ, ದಿನವೂ ಮೂಸಿ ಅಭ್ಯಾಸ ಮಾಡಿ ಎಂದರು. ನಾಲ್ಕು ಸಣ್ಣ ಬಾಟಲಿಗಳಲ್ಲಿ ಲವಂಗ, ಏಲಕ್ಕಿ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ ಹಾಕಿಕೊಟ್ಟೆ. ಬೆಳಿಗ್ಗೆ ಚಾ ಆದ ಮೇಲೆ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತು ಒಂದೊಂದನ್ನೇ ಮೂಸುತ್ತಿದ್ದರು. ಮಂತ್ರ ಕಲಿಯುವ ವಟುವಿನ ಶ್ರದ್ಧೆ. ತಿಂಗಳು ಕಳೆಯಿತು. ಒಂದು ದಿನ, “ಏಲಕ್ಕಿ ಬಂತ್! ಹೌದಾ ಕಾಣ್, ಏಲಕ್ಕಿ!” ಎಂದು ಕೂಗಿದರು. ನಾನು ಓಡಿ ಬಂದೆ. ಕಣ್ಣು ಇನ್ನೂ ಮುಚ್ಚಿಕೊಂಡೇ ಇದ್ದರು. ಕೈಯಲ್ಲಿದ್ದದ್ದು ಲವಂಗದ ಬಾಟಲಿ.

“ಹೌದ್, ಏಲಕ್ಕಿಯೇ” ಎಂದೆ. ಆ ಬಾಟಲಿಯನ್ನು ಮೆಲ್ಲಗೆ ಕೈಯಿಂದ ತೆಗೆದು ಏಲಕ್ಕಿಯದ್ದನ್ನು ಇಟ್ಟೆ. ನನ್ನ ಮೊದಲ ಸುಳ್ಳು ಅದು.

ಬೊಂಬಾಯಿಯ ಮಸಾಲೆ ಡಬ್ಬ ಇರುವವರೆಗೆ ಅಂಗಡಿ ಹೇಗೋ ನಡೆಯಿತು. ಅಂಗೈಯ ಅಳತೆಗೂ ಆ ಪುಡಿಗೂ ಹಳೆಯ ಪರಿಚಯ. ಡಬ್ಬ ಮುಗಿದು ಇಲ್ಲಿಯ ಪುಡಿ ತಂದಾಗ ಅಳತೆಯೆಲ್ಲ ತಪ್ಪಿತು. ಒಂದು ದಿನ ರಸ್ತೆ ಕೆಲಸದವರಿಬ್ಬರು ಅರ್ಧ ತಿಂದು ತಟ್ಟೆ ಬಿಟ್ಟು ಎದ್ದರು. ಇವರು ಆ ತಟ್ಟೆಗಳನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಸೌಟಿನಲ್ಲಿ ಸ್ವಲ್ಪ ಛೋಲೆ ತೆಗೆದು ನನ್ನ ಅಂಗೈಗೆ ಹಾಕಿ, “ತಿಂದ್ ಹೇಳ್. ಹ್ಯಾಂಗಿತ್ತ್?” ಎಂದರು.

“ಲಾಯ್ಕ್ ಇತ್ತ್.”

“ಲಾಯ್ಕ್ ಅಂದ್ರೆ ಎಂತ? ಹುಳಿ ಮುಂದಿಂದ ಬತ್ತಾ, ಹಿಂದಿಂದ ಬತ್ತಾ?”

ನಾನು ಕಣ್ಣು ಬಿಟ್ಟೆ. ಹುಳಿಗೆ ಹಿಂದೆ ಮುಂದೆ ಇದೆಯೆಂದು ನನಗೆ ಯಾರು ಹೇಳಿದ್ದರು?

“ಮೊದ್ಲ್ ಉಪ್ಪ್, ಮತ್ತೆ ಖಾರ” ಎಂದು ತಮ್ಮ ಗಂಟಲು ಮುಟ್ಟಿ ತೋರಿಸಿದರು. “ಹುಳಿ ಇರ್ಕ್, ಆದ್ರೆ ಹುಳಿ ಇತ್ತ್ ಅಂದೇಳಿ ಗೊತ್ತಾಪುಕೆ ಆಗ. ನುಂಗಿದ್ ಮೇಲೆ ಹಿಂದಿಂದ ಬರ್ಕ್.”

ನಾನು ನುಂಗಿದೆ, ಕಾದೆ. ಏನೂ ಬರಲಿಲ್ಲ. ಅಥವಾ ಬಂದಿದ್ದರೂ ನನಗೆ ಗುರುತಿಲ್ಲ. ಆ ಮೂವತ್ತೆರಡು ವರ್ಷದಲ್ಲಿ ಒಂದು ದಿನವೂ ಅವರು ಅದನ್ನು ಮನೆಯಲ್ಲಿ ಮಾಡಿರಲಿಲ್ಲ. ಊರಿಗೆ ಬಂದರೆ ಅವರಿಗೆ ಮೀನುಸಾರು, ಕುಚ್ಚಲಕ್ಕಿ ಅನ್ನ ಬೇಕಿತ್ತು; ಹೋಟೆಲಿನ ಹೆಸರೆತ್ತಿದರೆ ಸಾಕು ಮುಖ ಗಂಟಾಗುತ್ತಿತ್ತು. ಸರಿಯಾದ ಛೋಲೆ ಹೇಗಿರಬೇಕೆಂಬುದು ಅವರ ನೆನಪಿನಲ್ಲಿ ಮಾತ್ರ ಇತ್ತು. ನಾಲಿಗೆ ನನ್ನ ಹತ್ತಿರ ಇತ್ತು. ಎರಡಕ್ಕೂ ನಡುವೆ ಸೇತುವೆಯೇ ಇರಲಿಲ್ಲ.

ಆದರೂ ದಿನವೂ ಕೇಳುತ್ತಿದ್ದರು, ದಿನವೂ ನಾನು ಏನೋ ಒಂದು ಹೇಳುತ್ತಿದ್ದೆ. ಹಿಂದಿನಿಂದ ಬಂತು ಎಂದರೆ ಮುಖ ಅರಳುತ್ತಿತ್ತು, ಹಾಗಾಗಿ ಅದನ್ನೇ ಹೇಳತೊಡಗಿದೆ. ನನ್ನ ನಾಲಿಗೆ ಊರಿನದು. ಅದಕ್ಕೆ ಯಾವಾಗಲೂ ಏನೋ ಕಮ್ಮಿ ಅನ್ನಿಸುತ್ತಿತ್ತು. ಒಂದು ದಿನ ಅವರಿಗೆ ಕಾಣದಂತೆ ಚೂರು ಬೆಲ್ಲ ಹಾಕಿದೆ. ಇನ್ನೊಂದು ದಿನ ಕೊತ್ತಂಬರಿ ಹುರಿದು ಪುಡಿ ಮಾಡಿ ಹಾಕಿದೆ. ಕೊನೆಗೆ ತೆಂಗಿನಕಾಯಿ. ಬಿಳಿ ಕಾಣಬಾರದೆಂದು ಕಂದುಬಣ್ಣಕ್ಕೆ ಹುರಿದು ನುಣ್ಣಗೆ ರುಬ್ಬಿ ಸೇರಿಸಿದೆ. ಅವರು ಸೌಟು ಎತ್ತಿ ಸುರಿದು ನೋಡಿ, “ಇವತ್ತ್ ಮಸಾಲಿ ಲಾಯ್ಕ್ ಹಿಡ್ದಿತ್ತ್” ಎಂದರು.

ನಮ್ಮೂರಿನವರಿಗೆ ಅದು ಭಾರಿ ಹಿಡಿಸಿತು. ಬೆಂಚು ಸಾಲದಾಯಿತು. ನಿಂತು ತಿಂದರು, ಕಟ್ಟಿಸಿಕೊಂಡು ಹೋದರು. ಸಪ್ಪೆ ಬನ್ಸು ಎಂದು ಆಡಿಕೊಂಡವರೇ ಮನೆಯವರನ್ನು ಕರೆದುಕೊಂಡು ಬಂದರು. ಉತ್ತರದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು, ರಸ್ತೆ ಕೆಲಸ ಮುಂದಕ್ಕೆ ಹೋಗಿದೆ ಎಂದು ನಾನು ಸಮಾಧಾನ ಹೇಳಿದೆ. ಇವರು ಹೊಸ ಅಂಗಿ ಹೊಲಿಸಿಕೊಂಡರು. “ಕಂಡ್ಯಾ, ಕೈ ಅಂದ್ರೆ ಇದ್” ಎಂದು ಅಂಗೈ ತೋರಿಸಿದರು. ಆ ಎರಡು ತಿಂಗಳು ಅವರಷ್ಟು ಸಂತೋಷವಾಗಿದ್ದ ಮನುಷ್ಯನನ್ನು ನಾನು ಕಂಡಿಲ್ಲ. ನಾನಂತೂ ಪ್ರತಿದಿನ ಕಳ್ಳಿಯ ಹಾಗೆ ಎದ್ದು ಕಾಯಿ ಹುರಿಯುತ್ತಿದ್ದೆ.

ಹಂಗಾರಕಟ್ಟೆಯವರೊಬ್ಬರು ಬೊಂಬಾಯಿಯಲ್ಲಿ ಇವರ ಪಕ್ಕದ ಒಲೆಯಲ್ಲಿ ಭಟೂರೆ ಕರಿಯುತ್ತಿದ್ದರು. ಇವರಿಗಿಂತ ಐದಾರು ವರ್ಷ ಸಣ್ಣವರು, ಇವರನ್ನು ಅಣ್ಣ ಎನ್ನುವವರು. ಅಣ್ಣನ ಅಂಗಡಿಗೆ ಜನ ಮುಗಿಬೀಳುತ್ತಿದ್ದಾರೆ ಎಂಬ ಸುದ್ದಿ ಕೇಳಿ ಒಂದು ಬೆಳಿಗ್ಗೆ ಬಂದೇಬಿಟ್ಟರು. ಇವರು ತಾವೇ ಬೆಂಚು ಒರೆಸಿ ಕೂರಿಸಿದರು, ತಾವೇ ಬಡಿಸಿದರು, ಬಡಿಸಿ ಎದುರಿಗೆ ನಿಂತರು. ಮನೆಯ ಸಾರಿಗೆಂದು ಅವರಿಗೆ ಹೇಳಿಕೊಂಡು ನಾನು ಕಾಯಿ ತುರಿಯುವ ಮಣೆಯ ಮೇಲೆ ಕೂತಿದ್ದೆ.

ಬಂದವರು ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಪಾಪ, ಅವರಿಗೇನು ಗೊತ್ತು? ಸಲುಗೆಯಿಂದ ನಕ್ಕು, “ಅಣ್ಣಾ, ಇದ್ ನಮ್ಮ್ ಕಡ್ಲಿ ಗಸಿ ಅಲ್ದಾ? ಕಾಯಿ ಹಾಕಿದ್ರಿ ಕಾಣಿ! ನಿಮ್ಮ್ ಛೋಲೆ ಎಲ್ಲೋಯ್ತ್?” ಎಂದರು.

ಇವರು ನನ್ನ ಕಡೆ ತಿರುಗಿದರು. ಮಣೆ, ತುರಿ, ನನ್ನ ಕೈ. ಅಷ್ಟು ಕಂಡರೆ ಸಾಕಿತ್ತು, ಮೂಗು ಬೇಕಿರಲಿಲ್ಲ.

“ಎಷ್ಟ್ ದಿನ್ದಿಂದ?” ಎಂದರು.

ಅದು ನಾನು ಅವರನ್ನು ಕೇಳಿದ ಪ್ರಶ್ನೆಯೇ. “ಎರ್ಡ್ ತಿಂಗ್ಳ್ ಆಯ್ತ್” ಎಂದೆ. ಅವರು ತಲೆಯಾಡಿಸಿದರು. ತಟ್ಟೆ ದೂಡಲಿ, ಬೋಗುಣಿ ಎತ್ತಿ ನನ್ನ ಮೇಲೆ ಎಸೆಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಅಂಥದ್ದೇನೂ ಮಾಡದೆ ಬಂದವರಿಗೆ ಚಾ ಮಾಡಿಕೊಟ್ಟರು.

ಮರುದಿನ ಗೂಟದಿಂದ ಬಾಳೆಹಣ್ಣು ಇಳಿಸಿ ತಾವೇ ಸುಲಿಯಲು ಕೂತರು. ಅಂದಿನಿಂದ ನಮ್ಮ ಅಂಗಡಿಯಲ್ಲಿ ಬನ್ಸು, ಕಾಯಿ ರುಬ್ಬಿ ಹಾಕಿದ ಕಡಲೆ ಗಸಿ. ಹಿಟ್ಟು ನನ್ನದು, ಗಸಿ ನನ್ನದು, ಕರಿಯುವುದು ಮಾತ್ರ ಅವರು. ಅದಕ್ಕೆ ಕಣ್ಣಿದ್ದರೆ ಸಾಕು. ಬೋರ್ಡು ಇನ್ನೂ ಹಾಗೇ ಇದೆ, ಸೊಟ್ಟ ಕೆಂಪಕ್ಷರ. ಹೆದ್ದಾರಿಯಲ್ಲಿ ಹೋಗುವವರು ಕಾರು ನಿಲ್ಲಿಸಿ ಛೋಲೆ ಭಟೂರೆ ಇದೆಯೇ ಎಂದು ಕೇಳಿದರೆ, “ಇವತ್ತ್ ಖಾಲಿ” ಎನ್ನುತ್ತಾರೆ. ದಿನವೂ ಹಾಗೇ ಹೇಳುತ್ತಾರೆ. ನನ್ನನ್ನು ಹೇಗಿದೆ ಎಂದು ಕೇಳುವುದನ್ನು ಬಿಟ್ಟೇಬಿಟ್ಟರು. ನಾಲ್ಕು ಬಾಟಲಿಗಳು ಜಗಲಿಯ ಮೂಲೆಯಲ್ಲಿ ಧೂಳು ಹಿಡಿಯುತ್ತಿವೆ.

ನನಗೆ ಕೂರಲಾಗಲಿಲ್ಲ. ಮಗಳ ಮನೆಗೆ ಎಂದು ಹೇಳಿ ಬಸ್ಸು ಹತ್ತಿ, ಬ್ರಹ್ಮಾವರದಿಂದ ಹಂಗಾರಕಟ್ಟೆಗೆ ಹೋಗಿ ಆ ಹಳೆಯ ಜತೆಗಾರರ ಮನೆ ಹುಡುಕಿದೆ. ವಿಷಯವೆಲ್ಲ ಹೇಳಿದಾಗ ಅವರು ತಲೆಯ ಮೇಲೆ ಕೈಯಿಟ್ಟು ಕೂತರು. “ನನ್ ನಾಲ್ಗಿ ಬಿದ್ದ್ ಹೋಯ್ಲಿ ಅತ್ಗಿ, ನಂಗೆ ಗೊತ್ತಿರ್ಲಿಲ್ಲೆ” ಎಂದರು. ನೀವು ಪಕ್ಕದಲ್ಲಿದ್ದವರು, ಒಂದು ಸಲ ಮಾಡಿ ತೋರಿಸಿ, ನಾನು ತಿನ್ನಬೇಕು ಎಂದು ಕೇಳಿಕೊಂಡೆ. ಒಂದು ವಾರ ಕಾಯಿಸಿ, ಬೊಂಬಾಯಿಯಿಂದ ಅದೇ ಪುಡಿ ತರಿಸಿ, ಮತ್ತೆ ಕರೆದರು. ಹಿತ್ತಲಿನ ಒಲೆಯಲ್ಲಿ ಮಾಡಿದರು. ಅಣ್ಣನಷ್ಟು ಆಗುವುದಿಲ್ಲ ಎನ್ನುತ್ತಲೇ ಬಡಿಸಿದರು.

ಉಪ್ಪು ಬಂತು. ಖಾರ ಬಂತು. ನುಂಗಿದೆ. ಆಮೇಲೆ, ನಾನು ಇನ್ನೊಂದು ತುತ್ತಿಗೆ ಕೈ ಹಾಕುವಾಗ, ಹುಳಿ ಹಿಂದಿನಿಂದ ಬಂತು. ನನ್ನ ಗಂಡ ಹೇಳಿದ ಹಾಗೆಯೇ, ಗಂಟಲಿನ ಅದೇ ಜಾಗಕ್ಕೆ. ಯಾರದೋ ಮನೆಯ ಹಿತ್ತಲಲ್ಲಿ, ಎಲೆಯ ಮುಂದೆ, ಹುಚ್ಚಿಯ ಹಾಗೆ ಅತ್ತೆ. ಇಷ್ಟು ವರ್ಷ ಗುರುತು ಪರಿಚಯವಿಲ್ಲದವರೆಲ್ಲ ತಿಂದು ಹೋದದ್ದು ಇದನ್ನೇ. ನಾನು ಮದುವೆಯಾದ ಗಂಡಸು ಇದನ್ನು ಮಾಡಬಲ್ಲವರಾಗಿದ್ದರು. ಆ ರುಚಿ ನನಗೆ ಗೊತ್ತಾಗುವಾಗ ಅವರಿಗೆ ರುಚಿಯೇ ಉಳಿದಿರಲಿಲ್ಲ.

ಉಳಿದ ಪುಡಿಯನ್ನು ಕಟ್ಟಿಸಿಕೊಂಡು ಬಂದೆ. ಮನೆಯಲ್ಲಿ ಅವರಿಲ್ಲದ ಹೊತ್ತಿಗೆ ಮಾಡಿದೆ, ಕೆಟ್ಟಿತು. ಮತ್ತೆ ಮಾಡಿದೆ, ಚಾ ಗಂಟು ಹೆಚ್ಚು ಹೊತ್ತು ಉಳಿದು ಕಹಿಯಾಯಿತು. ಆರನೆಯ ಸಲವೋ ಏಳನೆಯ ಸಲವೋ, ನುಂಗಿ ಕಾದೆ, ಹಿಂದಿನಿಂದ ಬಂತು. ಎರಡು ಸಲ ನೋಡಿದೆ. ಅನುಮಾನವೇ ಇರಲಿಲ್ಲ. ಬಾಳೆಹಣ್ಣಿಲ್ಲದ ಹಿಟ್ಟು ಕಲಸಿದೆ, ಭಟೂರೆ ಉಬ್ಬಿತು. ಅಂಗಡಿಗೆ ರಜೆ ಇದ್ದ ಆ ಭಾನುವಾರದ ಮಧ್ಯಾಹ್ನ ಮೀನುಸಾರಿನ ಬದಲು ಅದನ್ನು ಬಡಿಸಿ ಅವರ ಎದುರಿಗೆ ಕೂತೆ.

ಅವರು ತಟ್ಟೆಯನ್ನು ಬಹಳ ಹೊತ್ತು ನೋಡಿದರು. ಒಂದು ಕಡಲೆಯನ್ನು ಬೆರಳ ನಡುವೆ ಒತ್ತಿದರು. “ಬಣ್ಣ ಸಮ ಇತ್ತ್” ಎಂದರು. “ಬೆಂದದ್ದೂ ಸಮ ಇತ್ತ್.” ಭಟೂರೆ ಮುರಿದು, ಅದ್ದಿ, ಬಾಯಿಗೆ ಹಾಕಿಕೊಂಡರು. ನುಂಗಿದರು. ಗಂಟಲು ಮೇಲೆ ಕೆಳಗೆ ಆದದ್ದನ್ನು ನಾನು ನೋಡಿದೆ. ಆಮೇಲೂ ಅವರು ಸುಮ್ಮನೆ ಕೂತಿದ್ದರು, ಯಾರೋ ಬರುವುದನ್ನು ಕಾಯುವವರ ಹಾಗೆ.

“ಹ್ಯಾಂಗಿತ್ತ್?” ಎಂದೆ. ಅವರು ದಿನವೂ ನನ್ನನ್ನು ಕೇಳುತ್ತಿದ್ದ ಪ್ರಶ್ನೆಯನ್ನು ನಾನು ಅವರನ್ನು ಕೇಳಿದ್ದು ಅದೇ ಮೊದಲು. “ಹುಳಿ ಹಿಂದಿಂದ ಬತ್ತ್. ಈ ಸಲ ಸುಳ್ಳಲ್ಲ.”

“ಗೊತ್ತಿತ್ತ್” ಎಂದರು. “ನಿನ್ ಮುಖ ಕಂಡ್ರೇ ಗೊತ್ತಾತ್ತ್.”

ಮತ್ತೊಂದು ತುತ್ತು ತೆಗೆದುಕೊಂಡು ನಿಧಾನಕ್ಕೆ ಅಗಿದರು. ನಾನು ಇನ್ನೂ ಅವರ ಬಾಯನ್ನೇ ನೋಡುತ್ತಿದ್ದೆ. ಏನಾದರೊಂದು ಹೇಳಬೇಕೆಂದು ಅವರಿಗೂ ಅನ್ನಿಸಿರಬೇಕು.

“ಬಿಸಿ ಇತ್ತ್” ಎಂದರು.

ತಟ್ಟೆ ದೂಡಲಿಲ್ಲ. ನಾನು ಇನ್ನೊಂದು ಭಟೂರೆ ಹಾಕಿದೆ, ಅದನ್ನೂ ತಿಂದರು.